ಡೆನ್ಮಾರ್ಕ್ ಇಲ್ಲದ ಕೌದಿ

ಹೊಸಪೇಟೆಯ ಚಿತ್ತವಾಡ್ಗಿಯ ವಿರುಪಮ್ಮನಿಗೆ ಓದು ಬಾರದು. ಬಸ್ಸಿನ ಬೋರ್ಡನ್ನು ಪಕ್ಕದವರಿಂದ ಓದಿಸಿಕೊಂಡೇ ಹತ್ತುವ ಹೆಂಗಸು. ಆದರೆ ಕೆನಡಾದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಕಾಲಿಡುವ ಮೊದಲು ಕೋಲಿನಿಂದ ಬಡಿದು ಸದ್ದು ಕೇಳಬೇಕು, ಬ್ರೆಜಿಲ್ಲಿನ ನದಿಗೆ ಗಾಯವಾದ ಕಾಲನ್ನು ಇಳಿಸಬಾರದು, ನ್ಯೂಜಿಲೆಂಡಿನಲ್ಲಿ ನೆಲ ಬೆಚ್ಚಗಾದರೆ ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಸರಿಯಬೇಕು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಯಾವ ದೇಶದ ರಾಜಧಾನಿ ಯಾವುದೆಂದು ಕೇಳಿದರೆ ಸೊನ್ನೆ. ಯಾವ ದೇಶದಲ್ಲಿ ಮನುಷ್ಯ ಹೇಗೆ ಸಾಯಬಹುದು, ಹೇಗೆ ಪಾರಾಗಬಹುದು ಎಂದು ಕೇಳಿದರೆ ನೂರಕ್ಕೆ ನೂರು.

ಈ ವಿದ್ಯೆ ಕಲಿಸಿದ್ದು ಟಿವಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ತೆಲುಗು ಚಾನೆಲ್ಲಿನಲ್ಲಿ ಮಕ್ಕಳ ಧಾರಾವಾಹಿಯೊಂದು ಬರುತ್ತಿತ್ತು. ಎಲ್ಲಿಯದೋ ಹೊರದೇಶದ್ದು, ತೆಲುಗಿಗೆ ಡಬ್ ಆದದ್ದು. ಮೂರು ಮಕ್ಕಳು, ಒಬ್ಬ ಮುದಿ ಕಪ್ತಾನ, ಒಂದು ಹಡಗು, ವಾರಕ್ಕೊಂದು ದೇಶ. ವಿರುಪಮ್ಮನ ತವರು ಆದೋನಿ ಕಡೆ, ತೆಲುಗು ಅವಳಿಗೆ ನೀರು ಕುಡಿದಷ್ಟು ಸಲೀಸು. ಮೊದಲ ಎರಡು ವಾರದ ಕಥೆ ತಪ್ಪಿತ್ತು, ಮೂರನೆಯದರಿಂದ ಒಂದನ್ನೂ ಬಿಡಲಿಲ್ಲ. ಅದು ಕಟ್ಟಿದ ಕಥೆ ಎಂದು ಅವಳು ಒಪ್ಪಿದವಳೇ ಅಲ್ಲ.

"ಆ ಹುಡುಗ್ರಿಗೆ ಸಾಲಿ ಇಲ್ಲೇನ? ತಾಯಿ ತಂದಿ ಹೆಂಗ ಬಿಟ್ರು?" ಎಂದು ಪಕ್ಕದ ಮನೆಯ ದ್ಯಾಮಕ್ಕನ ಹತ್ತಿರ ಗೊಣಗುತ್ತಿದ್ದಳು.

"ಸಾಲಿಗೆ ಹೋಗಿ ನಮ್ಮ ಹುಡುಗ್ರು ಏನ್ ಕಿಸಿದಾರ ಬಿಡು," ಎನ್ನುತ್ತಿದ್ದಳು ದ್ಯಾಮಕ್ಕ.

ದ್ಯಾಮಕ್ಕನ ಮಾತು ತಳ್ಳಿಹಾಕುವಂಥದ್ದಲ್ಲ. ಓಣಿಯ ಶಾಲೆಯಲ್ಲಿದ್ದ ಪ್ರಪಂಚದ ನಕ್ಷೆಯಲ್ಲಿ ದಕ್ಷಿಣದ ಅರ್ಧವನ್ನು ಇಲಿ ತಿಂದಿತ್ತು. ಹೊಸದು ಬೇಕೆಂದು ಮೇಷ್ಟ್ರು ಅರ್ಜಿ ಕೊಟ್ಟರೆ, ಬಂದದ್ದು ಗಣಿ ಧಣಿಯೊಬ್ಬನ ಫೋಟೋ ಇದ್ದ ಗೋಡೆ ಗಡಿಯಾರ. ದಿನಕ್ಕೆ ಸಾವಿರಾರು ಲಾರಿಗಳಲ್ಲಿ ಸಂಡೂರಿನ ಗುಡ್ಡ ಪರದೇಶಕ್ಕೆ ಹೋಗುತ್ತಿದ್ದ ಕಾಲ ಅದು. ಆ ಪರದೇಶ ಯಾವ ದಿಕ್ಕಿಗಿದೆ ಎಂದು ತೋರಿಸುವ ಒಂದು ಕಾಗದ ಮಾತ್ರ ಇಲ್ಲಿನ ಮಕ್ಕಳ ಕಣ್ಣಿಗೆ ಬೀಳಲಿಲ್ಲ.

ವಿರುಪಮ್ಮ ಕಾಗದಕ್ಕೆ ಕಾಯಲಿಲ್ಲ. ಅವಳ ಕಸುಬು ಕೌದಿ ಹೊಲಿಯುವುದು. ಹಳೆ ಸೀರೆ, ಧೋತರ, ಚಿಂದಿ ಬಟ್ಟೆ ಕೊಟ್ಟರೆ ಹದಿನೈದು ದಿನದಲ್ಲಿ ಮೂರು ಜನ ಹೊದೆಯುವ ಕೌದಿ ಕೊಡುತ್ತಿದ್ದಳು. ಮಗಳು ಗಂಗೋತ್ರಿ ಬಸುರಾದಾಗ ತೊಟ್ಟಿಲಿಗೊಂದು ಕೌದಿ ಶುರು ಮಾಡಿದಳು. ಧಾರಾವಾಹಿಯ ಕೊನೆಗೆ ಪ್ರತಿ ವಾರ ಒಂದು ನಕ್ಷೆ ಮೂಡಿ, ಅದರ ಮೇಲೆ ಕೆಂಪು ಗೆರೆಯೊಂದು ಇರುವೆಯಂತೆ ಹರಿದು ಹಡಗಿನ ದಾರಿ ತೋರಿಸುತ್ತಿತ್ತು. ಅವಳು ಅದನ್ನು ಕಣ್ಣಲ್ಲಿ ಹಿಡಿದು, ಟಿವಿ ಆರಿಸಿ, ಕತ್ತರಿ ಎತ್ತಿಕೊಳ್ಳುತ್ತಿದ್ದಳು.

ಸಮುದ್ರಕ್ಕೆ ಗಂಗೋತ್ರಿಯ ಶಾಲೆಯ ನೀಲಿ ಲಂಗ. ಆಫ್ರಿಕಾದ ಮರಳುಗಾಡಿಗೆ ತೀರಿಹೋದ ಗಂಡನ ಹಳದಿ ರುಮಾಲು. ಬ್ರೆಜಿಲ್ಲಿನ ಕಾಡಿಗೆ ತನ್ನ ಮದುವೆ ಸೀರೆಯ ಹಸಿರು ಸೆರಗು. ಹಿಮಕ್ಕೆ ಧೋತರ. ಹೊಸಪೇಟೆಗೆ ಮಾತ್ರ ಯಾವ ಬಣ್ಣವನ್ನೂ ಹುಡುಕಬೇಕಾಗಲಿಲ್ಲ. ಅಳಿಯ ಹುಲಿಗೇಶ ಸಂಡೂರಿನಲ್ಲಿ ಅದಿರು ಲಾರಿಯ ಡ್ರೈವರ್. ಅವನ ಟವೆಲ್ಲು ಅಂಗಡಿಯಿಂದ ಬಂದಾಗ ಬೆಳ್ಳಗೆ ಇತ್ತು. ಮೂರೇ ವರ್ಷಕ್ಕೆ ಇಟ್ಟಿಗೆ ಬಣ್ಣಕ್ಕೆ ತಿರುಗಿ, ಕಾಲುವೆಯ ಕಲ್ಲಿನ ಮೇಲೆ ಎಷ್ಟು ಬಡಿದರೂ ಬಿಳುಪಾಗಲಿಲ್ಲ. ಅದರದೊಂದು ತುಂಡನ್ನು ಸಮುದ್ರದ ಬಲಕ್ಕೆ ಹೊಲಿದು, "ಇದು ನಾವು" ಎಂದಳು.

"ಹಡಗು ಇಲ್ಲಿಗೆ ಬಂದೇ ಇಲ್ಲಲ್ಲ," ಎಂದು ದ್ಯಾಮಕ್ಕ ತಕರಾರು ತೆಗೆದಳು. "ಸುಮ್ಮನ ಯಾಕ ಹಚ್ಚಿದಿ?"

"ಕೂಸು ಎಲ್ಲಿಂದ ನೋಡಬೇಕು ಮತ್ತ? ನಿಲ್ಲಾಕ ಒಂದು ಜಾಗ ಬ್ಯಾಡೇನ?"

ಗಂಗೋತ್ರಿಯನ್ನು ಹೆರಿಗೆಗೆ ಕರೆತರಲು ವಿರುಪಮ್ಮ ಸಂಡೂರಿಗೆ ಹೋದದ್ದು ಒಂದು ಗುರುವಾರ. ದಿನ ತುಂಬಲು ಇನ್ನೂ ಹದಿನೈದು ದಿನ ಇತ್ತು. ಬೀಗಿತ್ತಿ ಕೂಸಿಗೆಂದು ಹಳೆಯ ಮೆತ್ತನೆ ಧೋತರಗಳ ಗಂಟೊಂದನ್ನು ಕೊಟ್ಟು, ಜೀಪು ಹತ್ತಿಸಿದಳು. ಘಾಟಿ ದಾಟುವ ಹೊತ್ತಿಗೆ ಗಂಗೋತ್ರಿ ತಾಯಿಯ ಕೈ ಬಿಗಿಯಾಗಿ ಹಿಡಿದಳು. ಹಿಡಿತದಲ್ಲೇ ವಿರುಪಮ್ಮನಿಗೆ ಗೊತ್ತಾಯಿತು.

ಎದುರಿಗೆ ಲಾರಿಗಳು. ಒಂದರ ಹಿಂದೆ ಒಂದಲ್ಲ, ಎರಡೆರಡು ಸಾಲು, ರಸ್ತೆಯ ಉದ್ದಕ್ಕೂ ನಿಂತುಬಿಟ್ಟಿದ್ದವು. ಜೀಪಿನವನು ಹಾರ್ನ್ ಒತ್ತಿದ. ನೂರು ಹಾರ್ನಿನಲ್ಲಿ ಅದೂ ಒಂದಾಯಿತು. ಆಗ ವಿರುಪಮ್ಮನ ತಲೆಗೆ ಬಂದದ್ದು ಕೆನಡಾ. ಮಂಜುಗಡ್ಡೆಯಲ್ಲಿ ಹಡಗು ಸಿಕ್ಕಿಬಿದ್ದಾಗ ಆ ಹಿರಿ ಹುಡುಗಿ ಕಂಬ ಹತ್ತಿ ಕೆಂಪು ಬಟ್ಟೆ ಬೀಸಿದ್ದಳಲ್ಲ! ವಿರುಪಮ್ಮ ಚೀಲದಿಂದ ಮಗಳ ಕೆಂಪು ಸೀರೆ ಎಳೆದು, ಜೀಪಿನ ಬಾನೆಟ್ ಹತ್ತಿ, ಎರಡೂ ಕೈಯಲ್ಲಿ ಬೀಸಿದಳು. ಐವತ್ತೈದು ವರ್ಷದ ಹೆಂಗಸು ಬಾನೆಟ್ ಮೇಲೆ ನಿಂತು ಸೀರೆ ಬೀಸಿದರೂ ಒಂದು ಲಾರಿಯ ಕಿಟಕಿಯಿಂದಲೂ ತಲೆ ಹೊರಗೆ ಬರಲಿಲ್ಲ. ಬರುವುದಾದರೂ ಹೇಗೆ? ರಸ್ತೆ ಕೆಂಪು, ಲಾರಿ ಕೆಂಪು, ಗಿಡದ ಎಲೆ ಕೆಂಪು, ಗಾಳಿಯೇ ಕೆಂಪು.

ಮೇಲೆ ನಿಂತಲ್ಲೇ ಅವಳಿಗೆ ಪಾಠ ಪೂರ್ತಿ ತಿಳಿಯಿತು. ಆ ಹುಡುಗಿ ಕೆಂಪು ಬೀಸಿದ್ದು ಅಲ್ಲಿ ಎಲ್ಲವೂ ಬಿಳಿ ಇತ್ತು ಅಂತ. ನೆಲದ ಬಣ್ಣ ಯಾವುದೋ ಅದನ್ನು ಬಿಟ್ಟು ಬೇರೆ ಬೀಸಬೇಕು.

"ಆ ಧೋತರದ ಗಂಟು ಕೊಡಪ್ಪಾ ಇತ್ಲಾಗ!" ಎಂದು ಡ್ರೈವರನ ಮೇಲೆ ಕೂಗಿದಳು.

ಬಿಳಿ ಧೋತರ ಗಾಳಿಗೆ ಬಿಚ್ಚಿಕೊಂಡದ್ದೇ ತಡ, ಮುಂದಿನ ಲಾರಿಯ ಕ್ಲೀನರ್ ಇಳಿದು ನೋಡಿದ, ಅದರ ಮುಂದಿನವನೂ ನೋಡಿದ. "ಹೆಣ ಬಂದೈತಿ, ದಾರಿ ಬಿಡ್ರಲೇ!" ಎಂಬ ಮಾತು ಬಾಯಿಂದ ಬಾಯಿಗೆ ಓಡಿತು. ಒಂದೊಂದೇ ಲಾರಿ ಪಕ್ಕಕ್ಕೆ ವಾಲಿತು. ಯಾರೋ ಕೈ ಮುಗಿದರು. ಬದುಕಿದ್ದವರು ಎರಡು ತಾಸು ಹಾರ್ನ್ ಒತ್ತಿದರೂ ಸಿಗದ ದಾರಿ, ಸತ್ತವರಿಗೆ ಎರಡು ನಿಮಿಷದಲ್ಲಿ ಸಿಕ್ಕಿತು. ನಮ್ಮ ರಸ್ತೆಗಳ ನ್ಯಾಯ ಅಂದಿಗೂ ಇಂದಿಗೂ ಇಷ್ಟೇ.

"ಹೆಣ ಅಲ್ಲಲೇ, ಹೆರಿಗಿ!" ಎಂದು ಬಾನೆಟ್ ಮೇಲಿಂದ ವಿರುಪಮ್ಮ ಅರಚಿದಳು. "ನಿಮ್ಮ ಬಾಯಿಗಿಷ್ಟು ಮಣ್ಣ ಹಾಕ!"

ಅವರ ಬಾಯಲ್ಲಿ ಮಣ್ಣು ಆಗಲೇ ಇತ್ತು. ಸಾಲಿನ ಉದ್ದಕ್ಕೂ ನಕ್ಕರು, ಸಿಳ್ಳೆ ಹೊಡೆದರು, ದಾರಿಯನ್ನೂ ಬಿಟ್ಟರು. ಹೊಸಪೇಟೆಯ ಆಸ್ಪತ್ರೆ ಸೇರಿದ ಕಾಲು ತಾಸಿಗೆ ಗಂಗೋತ್ರಿ ಹೆಣ್ಣುಕೂಸು ಹೆತ್ತಳು.

ಹದಿಮೂರನೇ ದಿನ ತೊಟ್ಟಿಲಿಗೆ ಹಾಕುವುದೆಂದು ಗೊತ್ತಾಯಿತು. ಕೌದಿಯಲ್ಲಿ ಉಳಿದಿದ್ದು ಗೇಣುದ್ದದ ಅಂಚು, ಮತ್ತು ಹಡಗಿನ ದಾರಿಗೆಂದು ಹೊಲಿದ ಕೆಂಪು ದಾರದ ಕೊನೆ. ವಿರುಪಮ್ಮ ಕಲಿತ ಪದ್ಧತಿಯಲ್ಲಿ ಕೌದಿಯ ಕೆಲಸ ಪೂರ್ತಿ ಮುಗಿದ ಮೇಲೆಯೇ ಆ ಗೇಣು ಜಾಗದೊಳಗೆ ನಾಲ್ಕು ಜೋಳದ ಕಾಳು, ಒಂದು ಚೂರು ಒಣ ರೊಟ್ಟಿ ಇಟ್ಟು ಹೊಟ್ಟೆ ತುಂಬಿಸಿ ಬಾಯಿ ಹೊಲಿಯಬೇಕು. ಬಾಯಿ ಹೊಲಿಯದ ಕೌದಿಯ ಮೇಲೆ ಕೂಸನ್ನು ಮಲಗಿಸುವಂತಿಲ್ಲ. ಹೋದ ವಾರ ಹಡಗು ನಡುಸಮುದ್ರದಲ್ಲಿ ನಿಂತಿತ್ತು. ಮಕ್ಕಳು ಮನೆ ಸೇರುವ ಕೊನೆಯ ಕಂತು ಈ ಭಾನುವಾರ. ಅದನ್ನು ನೋಡಿದರೆ ದಾರದ ಕೊನೆ ಸಿಗುತ್ತದೆ, ಕೌದಿ ಮುಗಿಯುತ್ತದೆ.

ಭಾನುವಾರ ಹತ್ತಕ್ಕೆ ಟಿವಿ ಹಾಕಿದರೆ ಹಡಗಿಲ್ಲ. ಮುಖಂಡನೊಬ್ಬನ ಹುಟ್ಟುಹಬ್ಬ ಬರುತ್ತಿತ್ತು. ಹೂವಿನ ಹಾರವನ್ನು ಕ್ರೇನಿನಲ್ಲಿ ಎತ್ತಿ ಕೊರಳಿಗೆ ಹಾಕುತ್ತಿದ್ದರು. ಚಾನೆಲ್ ತಿರುಗಿಸಿದರೆ ಅದೇ ಹಾರ, ಅದೇ ಕ್ರೇನು.

ವಿರುಪಮ್ಮ ಸೀರೆ ಎತ್ತಿ ಕಟ್ಟಿ ಕೇಬಲ್ಲಿನ ಹಾಲೇಶನ ಅಂಗಡಿಗೆ ಹೋದಳು.

"ಹಾಲೇಶಾ, ನನ್ನ ಹಡಗ ಎಲ್ಲಿ?"

"ಅಕ್ಕಾ, ಮ್ಯಾಲಿಂದ ಆರ್ಡರ್ ಬಂದೈತಿ. ವಾರಗಟ್ಲೆ ಬರ್ತ್‌ಡೇನ ಹಾಕಬೇಕಂತ. ಆರು ಚಾನಲ್ ತಗದೀವಿ."

"ಆತ ಹುಟ್ಟಿದ್ದು ಒಂದ ದಿನ ಅಲ್ಲೇನ? ವಾರಗಟ್ಲೆ ಹುಟ್ಟ್ಯಾನೇನ?"

ಅಂಗಡಿಯಲ್ಲಿದ್ದವರು ನಕ್ಕರು. ಹಾಲೇಶ ಆಚೀಚೆ ನೋಡಿ, "ಸಣ್ಣಗ ಮಾತಾಡಕ್ಕ," ಎಂದ. "ನನ್ನ ವೈರ್ ಕಿತ್ತು ಹಾಕ್ತಾರ."

ಅವನೂ ಪಾಪ. ಆಗಿನ ದಿನಗಳಲ್ಲಿ ಊರಿನ ಗುಡ್ಡ, ರಸ್ತೆ, ಗಾಳಿ ಎಲ್ಲ ಕೆಲವರ ಹೆಸರಿಗೆ ಬರೆದುಕೊಟ್ಟಾಗಿತ್ತು. ಉಳಿದದ್ದು ಮುದುಕಿಯೊಬ್ಬಳ ಭಾನುವಾರದ ಅರ್ಧ ಗಂಟೆ. ಅದನ್ನೂ ಬಿಡಲಿಲ್ಲ.

ಮನೆಗೆ ಬಂದ ವಿರುಪಮ್ಮ ಬಾಣಂತಿ ಮಗಳ ಮುಂದೆ ಕುಕ್ಕರಿಸಿದಳು. "ಇನ್ನ ಒಂಬತ್ತು ದಿನ. ಆ ಹುಡುಗ್ರು ಎಲ್ಲಿ ಇಳಿದ್ರು ಅಂತ ಯಾರನ್ನ ಕೇಳಲಿ?"

"ಎಲ್ಲೋ ಒಂದು ಕಡೆ ಹೊಲಿದು ಮುಗಿಸಬೇ," ಎಂದಳು ಗಂಗೋತ್ರಿ. "ಕೂಸಿಗೇನ್ ತಿಳಿತೈತಿ?"

"ಕೂಸಿಗೆ ಸುಳ್ಳ ಹೊದಿಸಲಾ?"

ಒಂದು ವಾರ ಯೋಚಿಸಿ ಅವಳೇ ದಾರಿ ಹುಡುಕಿದಳು. ಆ ಮಕ್ಕಳು ಪರದೇಶದವರು. ಹಂಪಿಯ ತುಂಬ ಪರದೇಶದವರೇ. ಯಾರೋ ಒಬ್ಬರ ಓಣಿಯವರಾದರೂ ಆಗಿರಲೇಬೇಕು! ಬಾಣಂತಿಯನ್ನು ದ್ಯಾಮಕ್ಕನಿಗೆ ಒಪ್ಪಿಸಿ, ಕೌದಿ ಸುತ್ತಿ ಕಂಕುಳಿಗೇರಿಸಿ, ಕಮಲಾಪುರದ ಮೇಲೆ ಹೋಗುವ ಬಸ್ ಹತ್ತಿದಳು.

ಹಂಪಿಯ ಹೊಳೆದಂಡೆಯಲ್ಲಿ ಅವಳ ಚಿಕ್ಕಪ್ಪನ ಮಗ ಮಾರೆಪ್ಪ ತೆಪ್ಪ ನಡೆಸುತ್ತಿದ್ದ. ಇಪ್ಪತ್ತು ವರ್ಷ ಬಿಳಿ ಜನರನ್ನು ದಾಟಿಸಿ ಅವನದೇ ಒಂದು ಇಂಗ್ಲಿಷು ಕಲಿತಿದ್ದ. ವಿರುಪಮ್ಮ ಬಂಡೆಯ ಮೇಲೆ ಕೌದಿ ಹಾಸಿದಳು. ಮಾರೆಪ್ಪ ಬಾಯಿ ತೆರೆಯುವ ಮೊದಲೇ ಜನ ಕೂಡಿದರು. ಒಬ್ಬ ಹುಡುಗ ಮಂಡಿಯೂರಿ ಹಿಮದ ಧೋತರ ಮುಟ್ಟಿ "ಕೆನಡಾ!" ಎಂದು ಕೂಗಿದ.

"ಕೆರಿ ಮ್ಯಾಲೆ ಹುಷಾರಾಗಿ ಅಡ್ಡಾಡು ಅಂತ ಹೇಳವಗ," ಎಂದಳು ವಿರುಪಮ್ಮ.

ಎತ್ತರದ, ಬೂದುಗೂದಲಿನ ಹೆಂಗಸೊಬ್ಬಳು ಮಾತ್ರ ಸುತ್ತಲೂ ಹುಡುಕಿ ಸಪ್ಪಗಾದಳು. ಹಳದಿ ರುಮಾಲಿನ ಮೇಲ್ಗಡೆ, ಬರೀ ನೀಲಿ ಇದ್ದಲ್ಲಿ ಬೆರಳಿಟ್ಟು ಏನೋ ಕೇಳಿದಳು.

"ಡೆನ್ಮಾರ್ಕ್ ಅಂತ. ಈಕಿ ಊರು," ಎಂದ ಮಾರೆಪ್ಪ. "ಅಲ್ಲಿ ನೀನು ನೀರು ತುಂಬೀಯಂತ."

ವಿರುಪಮ್ಮ ನಾಲಿಗೆ ಕಚ್ಚಿಕೊಂಡಳು. "ಹಡಗು ಅಲ್ಲಿಗೆ ಹೋಗಲಿಲ್ಲವ್ವಾ. ಅಲ್ಲೇನಾಗತೈತಿ ಕೇಳು. ಬೆಂಕಿ ಗುಡ್ಡ? ಮೊಸಳಿ?"

ಮಾರೆಪ್ಪ ಕೇಳಿದ. ಹೆಂಗಸು ಯೋಚಿಸಿ ಯೋಚಿಸಿ ತಲೆಯಾಡಿಸಿದಳು. "ಏನೂ ಆಗಂಗಿಲ್ಲಂತ. ಆಕಳು ಅದಾವಂತ. ಮಳಿ ಬರ್ತೈತಂತ."

ಏನೂ ಆಗದ ದೇಶವೊಂದು ಭೂಮಿಯ ಮೇಲಿದೆ ಎಂಬುದು ವಿರುಪಮ್ಮನಿಗೆ ದೊಡ್ಡ ಸುದ್ದಿ. ಅವಳ ಭೂಗೋಳದಲ್ಲಿ ಅಪಾಯವಿಲ್ಲದ ಊರಿಗೆ ಜಾಗವೇ ಇರಲಿಲ್ಲ. "ಪುಣ್ಯವಂತ್ರು," ಎಂದು ನಿಟ್ಟುಸಿರಿಟ್ಟು ಸೂಜಿ ತೆಗೆದಳು. ಹೆಂಗಸು ತನ್ನ ತಲೆಯ ಹೂವಿನ ವಸ್ತ್ರದಿಂದ ಒಂದು ಚೂರು ಹರಿದು ಕೊಟ್ಟಳು. ಬೆರಳಿಟ್ಟಲ್ಲಿ ಡೆನ್ಮಾರ್ಕ್ ಹುಟ್ಟಿತು.

ಆ ಮೂರು ಮಕ್ಕಳ ಮನೆ ಎಲ್ಲಿ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅಂಥ ಧಾರಾವಾಹಿಯನ್ನೇ ಅವರು ಕಂಡಿರಲಿಲ್ಲ. ವಿರುಪಮ್ಮನ ಮುಖ ಬಾಡಿತು. ಕೌದಿ ಮಡಚಲು ಹೋದಾಗ ಡೆನ್ಮಾರ್ಕಿನವಳು ಟವೆಲ್ಲಿನ ಕೆಂಪು ತುಂಡು ತೋರಿಸಿದಳು.

"ಇಲ್ಲೇನಾತು ಅಂತ ಕೇಳ್ತಾಳ," ಎಂದ ಮಾರೆಪ್ಪ.

"ಇದು ಹೊಸಪೇಟೆ. ಇಲ್ಲೇನ್..." ಎಂದು ಶುರುಮಾಡಿದ ವಿರುಪಮ್ಮನ ಮಾತು ಅಲ್ಲೇ ನಿಂತಿತು. ಆಮೇಲೆ ಸೆರಗು ಸಿಕ್ಕಿಸಿ ಎದ್ದು ನಿಂತಳು. ಲಾರಿ ಸಾಲು, ನೋವು, ಬಾನೆಟ್ಟು, ಯಾರಿಗೂ ಕಾಣದ ಕೆಂಪು ಸೀರೆ, ಬಿಳಿ ಧೋತರ, ಹೆಣವಲ್ಲದ ಹೆಣ, ಎಲ್ಲವನ್ನೂ ಹೇಳಿದಳು. ಮಾರೆಪ್ಪನ ಇಂಗ್ಲಿಷು ಅರ್ಧ ದಾರಿಯಲ್ಲೇ ಸೋತಿತು. ಉಳಿದದ್ದನ್ನು ವಿರುಪಮ್ಮ ಕೈ ಬೀಸಿಯೇ ಮುಗಿಸಿದಳು. ಬಂಡೆಯ ಸುತ್ತ ನಿಂತವರು ಬಾಯಿ ತೆರೆದು ಕೇಳಿ, ಕೊನೆಗೆ ಚಪ್ಪಾಳೆ ತಟ್ಟಿದರು.

"ಹಡಗಿನ ಹುಡುಗ್ರು ನೋಡಬೇಕಾಗಿದ್ದು ಇದನ್ನಂತಕ್ಕಾ," ಎಂದ ಮಾರೆಪ್ಪ. ಹೆಂಗಸು ಹೇಳಿದ್ದೋ ಅವನೇ ಸೇರಿಸಿದ್ದೋ, ಹೇಳುವುದು ಕಷ್ಟ.

ವಿರುಪಮ್ಮ ಕುಂತಳು. ನಡುಸಮುದ್ರದಲ್ಲಿ ಹದಿನೈದು ದಿನದಿಂದ ನಿಂತಿದ್ದ ಕೆಂಪು ದಾರವನ್ನು ಸೂಜಿಗೆ ಪೋಣಿಸಿ, ನೀಲಿ ಲಂಗ ದಾಟಿಸಿ, ನೇರ ಆ ಟವೆಲ್ಲಿನ ತುಂಡಿಗೆ ತಂದು ಗಂಟು ಹಾಕಿದಳು. ಅವಳಿಗೆ ಇದು ಸುಳ್ಳೆನಿಸಲಿಲ್ಲ. ಇಷ್ಟು ವರ್ಷ ಇಲ್ಲಿಂದ ಹೊರಗೆ ಹೋದದ್ದೇ ಹೋದದ್ದು. ಮೂರು ಮಕ್ಕಳಾದರೂ ಇತ್ತ ಬರಲಿ, ಬಂದು ನೋಡಲಿ.

ಮರುದಿನವೇ ತೊಟ್ಟಿಲು. ಜೋಳದ ಕಾಳು, ರೊಟ್ಟಿ ಚೂರು ಒಳಗೆ ಸೇರಿ ಕೌದಿಯ ಬಾಯಿ ಮುಚ್ಚಿತ್ತು. ಹುಲಿಗೇಶ ತನ್ನ ಟವೆಲ್ಲನ್ನು ಗುರುತು ಹಿಡಿದು, "ಅತ್ತಿ, ಮೂರು ತಿಂಗಳಿಂದ ಹುಡುಕಾಕತ್ತಿದ್ದೆ ನಾನು!" ಎಂದ. ಶಾಲೆಯ ಮೇಷ್ಟ್ರು ಬಂದವರು ಆಫ್ರಿಕಾವನ್ನು ಬಹಳ ಹೊತ್ತು ನೋಡಿ, ನಾಲ್ಕು ದಿನಕ್ಕೆ ಶಾಲೆಗೆ ಕೊಡ್ತೀರೇನು ಎಂದು ಸಂಕೋಚದಿಂದ ಕೇಳಿದರು. ಕೂಸಿಗೆ ಗಂಗಾಂಬಿಕಾ ಎಂದು ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ಹೆಂಗಸರು ವಾಡಿಕೆಯಂತೆ ಗುದ್ದುವಾಗ ಹಾಲೇಶನೂ ಓಡಿ ಬಂದ.

"ಅಕ್ಕಾ, ಬರ್ತ್‌ಡೇ ಮುಗೀತು, ಚಾನಲ್ ಬಿಟ್ರು! ನಿನ್ನ ಹಡಗಿನ ಕೊನೀದು ಈ ಭಾನುವಾರ ಮತ್ತ ಹಾಕ್ತಾರಂತ."

ದ್ಯಾಮಕ್ಕ ತೊಟ್ಟಿಲ ಹಗ್ಗ ಬಿಟ್ಟು ತಿರುಗಿದಳು. "ಅಯ್ಯ ವಿರುಪಿ! ಅವ್ರು ಬ್ಯಾರೆ ಊರಾಗ ಇಳಿದಿದ್ರ?"

"ಇಳಿದಿದ್ರ ತಪ್ಪು ಅವರದು," ಎಂದಳು ವಿರುಪಮ್ಮ. "ನಾನಂತೂ ಬಿಚ್ಚಂಗಿಲ್ಲ."

ತೊಟ್ಟಿಲಲ್ಲಿ ಕೂಸು ಒಮ್ಮೆ ಮುಖ ಕಿವುಚಿತು. ಗಂಗೋತ್ರಿ ಬಗ್ಗಿ ಎತ್ತಿಕೊಂಡಳು. ಬ್ರೆಜಿಲ್ ಒಣಗಿತ್ತು, ಮರಳುಗಾಡು ಒಣಗಿತ್ತು. ಹೂವಿನ ಚೂರಿನ ಮೇಲೆ ಮಾತ್ರ ಒದ್ದೆ ಹರಡುತ್ತಿತ್ತು. ಏನೂ ಆಗದ ದೇಶಕ್ಕೆ ಅಂತೂ ಪ್ರವಾಹ ಬಂತು.