ಮೇಲಿನ ಮನೆಗೂ ಕೆಳಗಿನ ಮನೆಗೂ ಒಂದೇ ಫೋಲ್ಡರ್

ನರೇಗಲ್ಲಿನ ನಮ್ಮ ಮನೆಯಲ್ಲಿ ಒಲೆ ಎರಡಾದ ಮೇಲೆ ಅಣ್ಣ-ವೈನಿ ಮಹಡಿಗೆ ಹೋದರು; ಅವ್ವ, ನಾನು ಕೆಳಗೆ ಉಳಿದೆವು. ಇಂಟರ್‌ನೆಟ್ ಮಾತ್ರ ಒಂದೇ. ವೈನಿ ಮೇಲೆ ಕೂತು ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಡಿಸೈನ್ ಮಾಡುತ್ತಿದ್ದರು, ಪ್ರಿಂಟರ್ ನನ್ನ ಕಡೆ ಇತ್ತು. ಅವರು ಪೆನ್‌ಡ್ರೈವ್ ಹಿಡಿದು ಹತ್ತಿ ಇಳಿಯುವುದು ನೋಡಲಾರದೆ, ಎರಡೂ ಕಂಪ್ಯೂಟರಿಗೆ ಕಾಣುವಂಥ ಒಂದು ಫೋಲ್ಡರ್ ಮಾಡಿಕೊಟ್ಟೆ. ಅಲ್ಲಿಗೆ ವೈನಿಗೆ ಕೆಳಗಿಳಿಯುವ ಕೆಲಸವೇ ಉಳಿಯಲಿಲ್ಲ.

ಅಷ್ಟರಲ್ಲಿ ಗಜೇಂದ್ರಗಡದಲ್ಲಿ ನಮ್ಮ ಬಳಗದ ಮದುವೆ ಬಂತು. ಮನೆಯವರ ಫೋಟೋ ತೆಗೆಯುವಾಗ ಅವ್ವ ತನ್ನ ಬಲಗಡೆ ಯಾರನ್ನೂ ನಿಲ್ಲಗೊಡದೆ ಸೊಸೆಗಾಗಿ ಕಾದಳು. ವೈನಿ ಸಾಲಿನ ತುದಿಯಲ್ಲಿ ತವರಿನವರ ಜೊತೆ ನಿಂತುಬಿಟ್ಟರು. ಅಷ್ಟಕ್ಕೇ ಮಾತು ಬಂದ್. ಹಟದಲ್ಲಿ ಇಬ್ಬರೂ ಒಬ್ಬರಿಗಿಂತ ಒಬ್ಬರು ಮಿಗಿಲು. ವೈನಿಯ ಸಪ್ಪಳವಿಲ್ಲದ ಆ ಮೆಟ್ಟಿಲು ನೋಡಿದರೆ ನನಗೆ ಬಹಳ ಬೇಸರವಾಗುತ್ತಿತ್ತು.

ಮದುವೆಯ ಫೋಟೋಗಳು ಬಂದಾಗ ಫೋಲ್ಡರಿಗೆ ಹಾಕಿದೆ. ಸಂಜೆ ಅವ್ವ ನನ್ನ ಪಕ್ಕ ಕೂತು ನೋಡುತ್ತ, “ಅಕಿನೂ ತಗೊಂಡ್ಳೇನು?” ಎಂದಳು.

“ವೈನಿ ಎಲ್ಲಾ ತಗೊಂಡಾರ.”

“ಮತ್ತ ನಮ್ಮವು ಇಲ್ಲೇ ಅದಾವಲ್ಲ?”

“ಅವರು ತಗೊಂಡ್ರ ನಮ್ಮವು ಹೋಗೂದಿಲ್ಲಬೇ.”

ಅವ್ವ ತುಸು ಯೋಚಿಸಿದಳು. “ಹೊಳ್ಳಿ ಏನ್ ಇಟ್ಟಾಳ?”

“ಏನೂ ಇಲ್ಲ.”

“ಖಾಲಿ ಬಟ್ಟಲ ಹೊಳ್ಳಿ ಕೊಡಬಾರ್ದಂತ ಅಕಿಗೆ ಯಾರೂ ಹೇಳಿಲ್ಲೇನು?”

ನಮ್ಮ ಕಡೆ, ಪಲ್ಯ ಬಂದ ಬಟ್ಟಲಿಗೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿಯೇ ಹಿಂದಿರುಗಿಸಬೇಕು. ಅದನ್ನು ಕಂಪ್ಯೂಟರಿಗೂ ಹಚ್ಚಿದ ಅವ್ವನನ್ನು ಕಂಡು ನಗು ಬಂತು. ಆದರೂ ಮೇಲೆ ಹೋಗಿ ವೈನಿಗೆ ಮಾತನ್ನು ಇದ್ದಂತೆಯೇ ಮುಟ್ಟಿಸಿದೆ.

“ಅತ್ತಿಯವ್ರು ಖರೇನ ಹಂಗಂದ್ರ?” ಎಂದ ವೈನಿ ಮತ್ತೆ ಕಂಪ್ಯೂಟರಿನ ಕಡೆ ತಿರುಗಿದರು.

ಮರುದಿನ ಫೋಲ್ಡರಿನಲ್ಲಿ ಹೊಸ ಫೈಲು ಇತ್ತು. ಮನೆಯವರ ಅದೇ ಫೋಟೋ, ಆದರೆ ತುದಿಯಲ್ಲಿ ವೈನಿ ಇರಲಿಲ್ಲ. ಅಲ್ಲಿಂದ ತಮ್ಮನ್ನು ತಾವೇ ಕತ್ತರಿಸಿ ತಂದು ಅವ್ವನ ಬಲಗಡೆಯ ಖಾಲಿ ಜಾಗದಲ್ಲಿ ನಿಲ್ಲಿಸಿಕೊಂಡಿದ್ದರು. ಪಳಗಿದ ಕೈ, ಕೂಡಿಸಿದ್ದು ಗೊತ್ತೇ ಆಗುತ್ತಿರಲಿಲ್ಲ. ಅವ್ವನನ್ನು ಕೂಗಿದೆ.

ಅವ್ವ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. “ಇಲ್ಲೆ ನಿಂತಿರ್ಲಿಲ್ಲಲ್ಲ ಅಕಿ?”

“ಈಗ ನಿಂತಾರ ನೋಡು.”

ಅವ್ವ ಕನ್ನಡಕ ತೆಗೆದಿಟ್ಟು ಎದ್ದು ಅಡುಗೆಮನೆಗೆ ಹೋದಳು. ಇನ್ನೂ ಸಿಟ್ಟು ಇಳಿದಿಲ್ಲ ಎಂದುಕೊಂಡೆ. ಹೊರಗೆ ಬಂದಾಗ ಅವಳ ಕೈಯಲ್ಲಿ ಗೋದಿ-ಬೆಲ್ಲದ ಮಾದಲಿ ತುಂಬಿದ ಬಟ್ಟಲಿತ್ತು. ನಾನು ಒಯ್ಯುತ್ತೇನೆ ಎಂದರೂ ಕೊಡದೆ, ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದಳು. ನಾನು ಕೆಳಗೆ ನಿಂತು ಕಿವಿಗೊಟ್ಟೆ. ಮೇಲಿನ ಬಾಗಿಲು ತೆರೆಯಿತು.

“ತಗೋ, ಮಾದ್ಲಿ,” ಎಂದಳು ಅವ್ವ. “ಫೋಟೋದಾಗ ನನ್ನ ಬಾಜೂಕ ನಿಂದ್ರುವಾಗರ ಸೆರಗ ನೆಟ್ಟಗ ಹೊತ್ಕೊಬಾರ್ದೇನವಾ?”