ನಾಳೆಯ ಸಪ್ಪಳ ಹಿಡಿಯುವ ರೇಡಿಯೊ

ಸಿಂಧನೂರಿನ ಟಾಕೀಸಿನಲ್ಲಿ ಪರದೆಯ ಮೇಲೆ ‘ಕಥೆ’ ಎಂದು ನನ್ನ ಹೆಸರು ಬಂದಾಗ ಎದೆ ಉಬ್ಬಿತು. ಲಿಂಗಸುಗೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ನಾಳೆಯ ಸಪ್ಪಳವನ್ನು ಇವತ್ತೇ ಹಿಡಿಯುವ ರೇಡಿಯೊ ನನ್ನ ಕಥೆಯದು. ಅದನ್ನು ರಿಪೇರಿ ಮಾಡುವ ಹೆಂಗಸಿಗೆ ತಾನೇ ಬಿಕ್ಕಿಬಿಕ್ಕಿ ಅಳುವುದು ಅದರಲ್ಲಿ ಕೇಳಿಸುತ್ತದೆ. ಕೇಳಿದ್ದು ಆಗಿಯೇ ತೀರುತ್ತದೆ. ಯಾಕೆ ಅಳುತ್ತಾಳೆಂಬುದು ಮಾತ್ರ ಆಕೆಗೆ ಗೊತ್ತಿಲ್ಲ. ನಡುವಿನ ಆ ಒಂದು ದಿನವನ್ನು ಆಕೆ ಹೇಗೆ ಕಳೆಯುತ್ತಾಳೆ ಎಂಬುದೇ ಕಥೆ.

ಇಂಟರ್‌ವಲ್‌ವರೆಗೆ ಚೆನ್ನಾಗಿಯೇ ಇತ್ತು. ಆಮೇಲೆ ಆ ಹೆಂಗಸು ಮೂರ್ಛೆ ಹೋದಳು, ರೇಡಿಯೊ ಹೀರೋನ ಕೈಗೆ ಬಂತು. ನಾಳೆ ಬಾಂಬು ಸಿಡಿಯುವ ಸದ್ದನ್ನು ಅದರಲ್ಲಿ ಕೇಳಿ, ಅವನು ಓಡಿಹೋಗಿ ಬಾಂಬು ಸಿಡಿಯದಂತೆ ಮಾಡಿದ. ಸಿಡಿಯದ ಬಾಂಬಿನ ಸದ್ದು ಎಲ್ಲಿಂದ ಬಂತು? ಅದನ್ನು ಯೋಚಿಸುವ ಪುರುಸೊತ್ತು ಸಿನಿಮಾಕ್ಕಿರಲಿಲ್ಲ. ಹೀರೋ ಜನರನ್ನು ಗಾಳಿಗೆ ತೂರುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು.

ಹೊರಗೆ ನಿರ್ದೇಶಕ ಶಾಲು ಹಿಡಿದು ನಿಂತಿದ್ದ. ನಮ್ಮ ಕಡೆಯವನೇ. ನನ್ನ ಎರಡನೇ ಕಥೆಯ ಮೇಲೂ ಅವನ ಕಣ್ಣಿತ್ತು. ಬಾಂಬಿನ ಮಾತೆತ್ತಿದರೆ ನಕ್ಕುಬಿಟ್ಟ.

“ನಮ್ಮ ಕಡಿ ಮಂದಿಗೆ ಅಷ್ಟೆಲ್ಲ ತಿಳಿಯಂಗಿಲ್ಲ ಬಿಡ್ರೀ ಟೀಚರ್. ಒಂದು ಫೈಟ್ ಇದ್ರ ಸಾಕು.”

“ನಿಮಗ ತಿಳಿದಿಲ್ಲ ಅಂತ ಹೇಳ್ರಿ. ಮಂದಿ ಮ್ಯಾಲ ಯಾಕ ಹಾಕ್ತೀರಿ?” ಎಂದೆ. “ಚಿತ್ರಕಥಿ ನಾನ ಬರಿತೀನಿ. ಇಲ್ಲಾಂದ್ರ ಎರಡನೇ ಕಥಿ ಕೊಡಂಗಿಲ್ಲ.”

“ಹಂಗಾರ ಅದು ನಿಮ್ಮ ಪೆಟ್ಟಿಗ್ಯಾಗ ಇರ್ಲಿ.”

ಇರಲಿ ಎಂದೆ. ಶಾಲನ್ನು ಅವನ ಕೈಯಲ್ಲೇ ಬಿಟ್ಟು ಬಸ್ಸು ಹತ್ತಿದೆ. ಇನ್ನೊಂದು ಸಿನಿಮಾ ಕೈತಪ್ಪಿತ್ತು, ಅಳು ಬರುವಷ್ಟು ಸಿಟ್ಟಿತ್ತು.

ಪಕ್ಕದಲ್ಲಿ ಕೂತ ಹೆಂಗಸೂ ಅದೇ ಸಿನಿಮಾ ನೋಡಿ ಬಂದವಳು. “ಬಾಂಬ್ ಸಿಡೀಲೇ ಇಲ್ಲ, ಮತ್ತ ಸಪ್ಪಳ ಹೆಂಗ ಕೇಳಿಸ್ತ್ರೀ?” ಎಂದಳು. ಅವಳನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಕಥೆ ಬರೆದ ಟೀಚರು ನಾನೇ ಎಂದು ಹೇಳಿ, ನಿಜವಾದ ಕಥೆ ಶುರುಮಾಡಿದೆ. ಹಿಂದಿನ ಸೀಟಿನವರೂ ಬಗ್ಗಿ ಕೇಳತೊಡಗಿದರು, ನಡುನಡುವೆ ವಾದಕ್ಕೂ ಇಳಿದರು. ಮುಗಿಯುವ ಮೊದಲೇ ಮಸ್ಕಿ ಬಂತು. ಪಕ್ಕದವಳ ಊರು ಅದೇ. ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋದವಳು ಮೆಟ್ಟಿಲ ಮೇಲೆ ನಿಂತುಬಿಟ್ಟಳು.

“ಇಳೀಬೇ ಯಕ್ಕಾ, ಲೇಟಾಗಾಕತ್ತೈತಿ,” ಎಂದು ಕಂಡಕ್ಟರ್ ಕೂಗಿದ.

“ತಡೀರಿ. ಆಕಿ ಅತ್ತಿದ್ದು ಯಾಕ, ಅದನ್ನ ಹೇಳ್ರಿ ಟೀಚರ್. ಕೇಳಲಾರದ ನಾ ಇಳಿಯಂಗಿಲ್ಲ.”

ಬಸ್ಸು ನಿಲ್ಲಿಸಿಕೊಂಡೇ ಕೊನೆಯವರೆಗೂ ಹೇಳಿದೆ.