ಸೂಗಪ್ಪನ ಸೊಂಟ ಚಲೋ ಐತಿ

ಯಾದಗಿರಿ ಕಡೆಯಿಂದ ತೆಲುಗು ಸೀಮೆಗೆ ಬಂದು ಸನತ್‌ನಗರದ ಕಾರ್ಖಾನೆಯಲ್ಲಿ ಕಬ್ಬಿಣದ ಹಾಳೆ ಹೊತ್ತು ಬಾಳಿದ ಸೂಗಪ್ಪನಿಗೆ ಮೊದಲಿನಿಂದ ಇದ್ದದ್ದು ಒಂದೇ ಜಡ್ಡು, ಅತಿ ಮರ್ಯಾದೆ. ಸೊಂಟದ್ದು ಆಮೇಲೆ ಬಂತು. ಸೊಂಟದ್ದಕ್ಕಾದರೆ ಡಾಕ್ಟರ್ ಕೌಶಲ್ ಇದ್ದರು.

ಬೆನ್ನುಮೂಳೆಗೆ ಸ್ಕ್ರೂ ಕೂರಿಸುವಾಗ ದಾರಿ ತೋರಿಸುವ ರೋಬೋಟೊಂದನ್ನು ಅವರ ಆಸ್ಪತ್ರೆ ತರಿಸಿತ್ತು. ಅದರಿಂದ ರೋಗಿಗಳು ಎಷ್ಟು ಸುಧಾರಿಸುತ್ತಾರೆಂದು ಒಂದು ವರ್ಷದ ಸಂಶೋಧನೆ ನಡೆದಿತ್ತು. ಅದಕ್ಕೆ ಸೇರಿದವರಿಗೆ ಆಪರೇಷನ್ ಪುಕ್ಕಟೆ, ವರ್ಷದೊಳಗೆ ತೊಂದರೆ ಕಂಡರೆ ಮರುಚಿಕಿತ್ಸೆಯೂ ಪುಕ್ಕಟೆ. ಸೂಗಪ್ಪ ಸೇರಿದ. ರೋಬೋಟಿಗೆ ಕುಂಕುಮ ಹಚ್ಚಿ, ಹೂ ಏರಿಸಿ, ಕಾಯಿ ಒಡೆದ ಮೇಲೆಯೇ ಅವನನ್ನು ಒಳಗೆ ಒಯ್ದರು. ವಿಜ್ಞಾನವೆಂದರೆ ಹಾಗಿರಬೇಕು.

ಆಪರೇಷನ್ ಆದ ಮೇಲೆ ತಿಂಗಳಿಗೊಮ್ಮೆ ಮೈಸೂರಿನ ಹುಡುಗಿ ಸುಹಾಸಿನಿ ಆಸ್ಪತ್ರೆಯಿಂದ ಫೋನ್ ಮಾಡುತ್ತಿದ್ದಳು. ಸೂಗಪ್ಪ ಗೋಡೆ ಹಿಡಿದುಕೊಂಡೇ ಫೋನ್ ಎತ್ತಿ, "ಭಾಳ ಚಲೋ ಅದೀನ್ರಿ ಅಕ್ಕಾರ, ಸಾಹೇಬ್ರ ಕೈಗುಣ!" ಎನ್ನುತ್ತಿದ್ದ. ಫೋನ್ ಇಟ್ಟು ಅಯ್ಯೋ ಎಂದು ಚಾಪೆಗೆ ಉರುಳುತ್ತಿದ್ದ. ವಾಸಿ ಮಾಡಿದವನ ಎದುರು ನೋವೆಂದರೆ ಅವನ ಕೈಗುಣ ಕೆಡುತ್ತದೆ ಎಂದು ಸೂಗಪ್ಪನಿಗೆ ಅವ್ವ ಕಲಿಸಿದ್ದಳು.

"ಕೊಯ್ಯಾಕ ಮಷಿನ್ ಇತ್ತಲ್ಲ, ಕೈಗುಣ ಯಾರದ್ರಿ?" ಎಂದು ಹೆಂಡತಿ ಹಂಪಮ್ಮ ಕೇಳಿದರೆ, "ಮಷಿನ್ನಿಗೂ ಕೇಳಿಸ್ತೈತಿ, ಸುಮ್ಕಿರು" ಎಂದು ಗದರಿಸುತ್ತಿದ್ದ. ಹಂಪಮ್ಮನಿಗೆ ಮೈ ಉರಿಯುತ್ತಿತ್ತು. ಗಂಡನ ಬಲಗಾಲು ದಿನೇ ದಿನೇ ಜೋಮು ಹಿಡಿಯುತ್ತಿದ್ದುದನ್ನು ಅವಳು ನೋಡುತ್ತಿದ್ದಳು.

ವರ್ಷದ ಕೊನೆಯ ತಪಾಸಣೆ ಬಂತು. "ಇವತ್ತಾದ್ರೂ ಬಾಯಿ ಬಿಡ್ರಿ. ನಾಳಿಂದ ಯಾರೂ ಪುಕ್ಕಟೆ ನೋಡಂಗಿಲ್ಲ" ಎಂದು ಹಂಪಮ್ಮ ಬಸ್ಸಿನಲ್ಲಿ ದಾರಿಯುದ್ದಕ್ಕೂ ಜಪ ಮಾಡಿದಳು. ಸೂಗಪ್ಪ ಹೂಂ ಎಂದ.

ಅಲ್ಲಿ ರೋಬೋಟಿನ ಫಲ ನೋಡಲು ಹೊರಗಿನ ಡಾಕ್ಟರುಗಳು ಬಂದಿದ್ದರು. ಕೌಶಲ್‌ಗೆ ಕನ್ನಡ ಬಾರದು. ದೊಡ್ಡವರ ಮುಂದೆ ಸೂಗಪ್ಪನ ಹಿಂದಿ ಹೆದರಿ ಓಡುತ್ತಿತ್ತು. ಹಾಗಾಗಿ ನಡುವೆ ಸುಹಾಸಿನಿ ನಿಂತಳು. "ಹೇಗಿದ್ದೀರಿ ಅಂತ ಕೇಳ್ತಿದ್ದಾರೆ." ಸೂಗಪ್ಪ ಹೆಂಡತಿಯನ್ನು ನೋಡಿದ, ಡಾಕ್ಟರನ್ನು ನೋಡಿದ, ಹಿಂದೆಮುಂದೆ ನೋಡದೆ ಬಗ್ಗಿ ಡಾಕ್ಟರ ಕಾಲಿಗೇ ಬಿದ್ದ.

"ನೋಡಿ, ಎಷ್ಟು ಸಲೀಸಾಗಿ ಬಗ್ಗಿದರು!" ಎಂದು ಕೌಶಲ್ ಇಂಗ್ಲಿಷಿನಲ್ಲಿ ಹಿಗ್ಗಿದರು. ಬಂದವರು ಚಪ್ಪಾಳೆ ತಟ್ಟಿದರು, ಫೋಟೋ ಹೊಡೆದರು. ಚಪ್ಪಾಳೆ ನಿಂತರೂ ಸೂಗಪ್ಪ ಏಳಲಿಲ್ಲ. ಭಕ್ತಿ ಜಾಸ್ತಿಯಾಯಿತೆಂದು ಕೌಶಲ್ ನಾಚಿದರು.

"ಭಕ್ತಿ ಅಲ್ರಿ, ಏಳಾಕ ಬರವಲ್ದು!" ಹಂಪಮ್ಮ ಕೂಗಿದಳು. "ಆ ಮಷಿನ್ ತರಸ್ರಿ, ಅದಾದ್ರೂ ಎಬ್ಬಸ್ಲಿ!"

ಕಾಲು ಬಿಡಿಸಿಕೊಳ್ಳಲು ಡಾಕ್ಟರೇ ಬಗ್ಗಬೇಕಾಯಿತು. ಬೆವರಿಳಿಯುತ್ತಿದ್ದ ಆ ಮುಖವನ್ನು ಹತ್ತಿರದಿಂದ ಕಂಡು, ನೋವಿದೆಯೇ ಎಂದು ಸುಹಾಸಿನಿಯಿಂದ ಕೇಳಿಸಿದರು.

"ಇಲ್ರಿ," ಸೂಗಪ್ಪ ಹಲ್ಲು ಕಚ್ಚಿ ಹೇಳಿದ, "ನಿಮ್ಮ ದಯಾ, ಭಾಳ ಚಲೋ ಅದೀನಿ."

ಎಲ್ಲರೂ ಸುಹಾಸಿನಿಯತ್ತ ತಿರುಗಿದರು. ವರ್ಷವಿಡೀ ಅವನ ಮಾತನ್ನು ಚಾಚೂ ತಪ್ಪದೆ ಮುಟ್ಟಿಸಿದ್ದ ಅವಳು ಹಂಪಮ್ಮನ ಮುಖ ನೋಡಿ, ಅಂದು ಮೊದಲ ಸಲ ತಪ್ಪಾಗಿ ಹೇಳಿದಳು.

"ತಡೆಯೋಕೆ ಆಗ್ತಿಲ್ಲವಂತೆ, ಸರ್. ಮೊದಲಿಂದಲೂ."